ಮಡಕೆಗೆ ಮೊದಲು ಬಾಯಿ ಹಚ್ಚಿದವರು

21 ಆಗಸ್ಟ್ 2006, ಸೋಮವಾರ

ರಜೆಯಲ್ಲೂ ಪಾಠ. ಅವಕಾಡೊ ಮರದಡಿ ಮಗ್ಗಿ ಹೇಳಿಸಿದೆ. ಏಳರ ಮಗ್ಗಿಗೆ ಬರುವಾಗ ದಪ್ಪನೆಯ ಕಾಯಿಯೊಂದು ನನ್ನ ಪಕ್ಕದಲ್ಲೇ ಬಿತ್ತು. ಮಧ್ಯಾಹ್ನದ ಊಟಕ್ಕಾಯಿತು.

ಯುದ್ಧದಲ್ಲಿ ಸುಟ್ಟುಹೋದ ಸ್ಕೂಲಿನ ಬದಲು ಹೊಸದು ಕಟ್ಟಲು ತಗಡು ಬಂದಿದೆಯಂತೆ, ರಾಜಧಾನಿ ಬುಜುಂಬುರಾದಿಂದ. ಜಾಗ ತೋರಿಸಿದರೆ ನಮಗೆ. ಮಳೆ ಶುರುವಾಗುವುದರೊಳಗೆ ತೋರಿಸದಿದ್ದರೆ ಪಕ್ಕದ ಗುಡ್ಡದ ಊರಿಗೆ. ದೇವರೇ, ಈ ಸಲವಾದರೂ ಮಕ್ಕಳ ತಲೆ ಮೇಲೊಂದು ಸೂರು...

23 ಆಗಸ್ಟ್

ಮೀಟಿಂಗ್. ಬರೀ ಗದ್ದಲ. ಇರುವುದೊಂದೇ ಸಮತಟ್ಟು ಜಾಗ. ಚುನಾವಣೆ ಗೆದ್ದ ಪಕ್ಷದ ಸಿಂಜಿಂಕಾಯೊ ತಾಂಜಾನಿಯಾದ ನಿರಾಶ್ರಿತರ ಕ್ಯಾಂಪಿನಿಂದ ಹೋದ ವರ್ಷ ಮರಳಿದವರು. ಅದು ತಮ್ಮ ತಾತನದು ಅನ್ನುತ್ತಾರೆ. ಸೋತ ಪಕ್ಷದ ಮಿಬುರೊ ಯುದ್ಧದುದ್ದಕ್ಕೂ ಅಲ್ಲೇ ಬೀನ್ಸ್ ಬೆಳೆದವರು. ತಮ್ಮದೇ ಅನ್ನುತ್ತಾರೆ. ಸ್ಕೂಲಿಗೆ ಕೊಡಲು ಇಬ್ಬರೂ ತಯಾರು! ಕೊಟ್ಟವರು ಯಾರು ಅನ್ನುವುದಕ್ಕೇ ಜಗಳ. ಕೊಟ್ಟವರ ಪಕ್ಷದ ಬಾವುಟ ಸ್ಕೂಲಿನ ಮುಂದೆ ಹಾರಬೇಕಲ್ಲ.

“ದೇಶ ಕಟ್ತಿರೋದು ನಾವು. ನಿಮ್ಮೋರು ಸುಟ್ಟೋರು” — ಸಿಂಜಿಂಕಾಯೊ.

“ಓಡಿಹೋದೋರು ದೇಶ ಕಟ್ತಾರಂತೆ! ನಾನಿಲ್ಲೇ ಉಳ್ಕೊಂಡಿದ್ದಕ್ಕೆ ಕಣಯ್ಯಾ ಆ ನೆಲ ಕಾಡಾಗ್ದೆ ಇರೋದು.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಸಿಟ್ಟು ಬಂತು, ನಗುವೂ ಬಂತು.

24 ಆಗಸ್ಟ್

ಜೋಳ ನೆನೆ ಹಾಕಿದೆ. ಒಂದೇ ಮಡಕೆಯ ಬಿಯರ್ ಕುಡಿದವರು ಜಗಳ ಮುಂದುವರಿಸಲಾರರು, ನೋಡೋಣ.

ತಮ್ಮ ನ್ಯಾಬೆಂಡಾ ಬಂದು ರೇಗಿಸಿದ. “ಅಕ್ಕಾ, ಗಂಡಸ್ರ ಪಂಚಾಯ್ತಿ ನಿಂಗ್ಯಾಕೆ? ನಿಂಗೇನು ಒಂದು ಗೇಣು ನೆಲ ಇದ್ಯಾ?”

ನಿಜ. ಅಪ್ಪನ ಬಾಳೆತೋಟವೆಲ್ಲ ಅವನಿಗೇ ಹೋಯಿತು. ಹೆಣ್ಣಿಗೆ ಮಣ್ಣು ಬರುವುದಿಲ್ಲ ನಮ್ಮಲ್ಲಿ.

“ನೆಲ ಇಲ್ಲ ಕಣೋ, ಮಡಕೆ ಇದೆ” ಅಂದೆ.

2 ಸೆಪ್ಟೆಂಬರ್, ಶನಿವಾರ ಸಂಜೆ

ಇದನ್ನು ಇವತ್ತೇ ಬರೆಯಬೇಕು.

ಮಡಕೆಯನ್ನು ಆ ಸಮತಟ್ಟಿನಲ್ಲೇ ಇಟ್ಟೆ, ದಡ್ಡಿ. ನಮ್ಮಲ್ಲಿ ಜಾಗದ ಯಜಮಾನನೇ ಮೊದಲು ಹೀರಿ, ವಿಷವಿಲ್ಲವೆಂದು ತೋರಿಸಿ ನೆಂಟರಿಗೆ ಬಿಡಬೇಕು — ಇದು ನನಗೆ ಹೊಳೆಯಲೇ ಇಲ್ಲ! ಯುದ್ಧದ ವರ್ಷಗಳಲ್ಲಿ ಯಜಮಾನ ಕುಡಿದು ತೋರಿಸಿದರೂ ನೆಂಟರು ಮುಟ್ಟುತ್ತಿರಲಿಲ್ಲ. ಇವತ್ತು ಇಬ್ಬರೂ ಹೀರುವ ಕೊಳವೆ ಹಿಡಿದು ನಾ ಮುಂದು ತಾ ಮುಂದು.

“ಕೈ ತೆಗಿ. ನಿನ್ನ ನೆಂಟನಾಗೋಕೆ ಬಂದಿಲ್ಲ ನಾನು” — ಸಿಂಜಿಂಕಾಯೊ.

“ನೆಂಟನೇ ಕಣೋ ನೀನು. ನಿನ್ನೆ ಮೊನ್ನೆ ಬಂದೋನು.”

ಇಬ್ಬರೂ ಎದ್ದು ನಿಂತರು. ಹಿಂದೆಯೂ ಹೀಗೇ ಮಾತಿನಲ್ಲೇ ಶುರುವಾಗಿತ್ತು. ನನ್ನವರನ್ನು ಕಳೆದುಕೊಂಡದ್ದೂ... ಬೇಡ.

ನಡುವೆ ನುಗ್ಗಿದೆ. ಕೊಳವೆಗೆ ಬಾಯಿ ಹಚ್ಚಿ ಸೊರ್ರನೆ ಹೀರಿದೆ.

“ಏನ್ ಮಾಡ್ಬಿಟ್ಟೆ ಟೀಚರಮ್ಮಾ?” ಮಿಬುರೊ ಕೇಳಿದರು.

“ವಿಷ ಇಲ್ಲ. ಕೂತ್ಕೊಳಿ, ನೆಂಟ್ರೆ.”

ಸಿಂಜಿಂಕಾಯೊಗೆ ನಗು ತಡೆಯಲಾಗಲಿಲ್ಲ. “ಹೆಂಗಸಿಗೆಲ್ಲಿಂದ ಬಂತಮ್ಮಾ ನೆಲ?”

“ಅದಕ್ಕೇ ಅಣ್ಣಾ. ಸ್ಕೂಲಿಗೆ ಈ ಜಾಗ ನಾನು ಕೊಟ್ರೆ ನೀವಿಬ್ರೂ ಸೋತಂಗಾಗಲ್ಲ.”

“ಬಾವುಟ?” ಮಿಬುರೊ ಬಿಡಲಿಲ್ಲ.

“ದೇಶದ್ದು.”

ಮಿಬುರೊ ಬಗ್ಗಿ ಹೀರಿ, “ಹುಳಿ ಜಾಸ್ತಿಯಾಯ್ತು” ಅಂದರು. ಸಿಂಜಿಂಕಾಯೊ ಕೂಡ ಕೊಳವೆ ಇಳಿಬಿಟ್ಟರು. ಎರಡು ಬೋಳು ತಲೆ, ಒಂದು ಮಡಕೆ. ಸಂತೋಷಕ್ಕೆ ಅಳುವೇ ಬಂತು ನನಗೆ.

9 ಸೆಪ್ಟೆಂಬರ್, ಬೆಳಿಗ್ಗೆ

ಮರದಡಿ ಕೂತಿದ್ದೇನೆ. ತಗಡಿನ ಟ್ರಕ್ ಬಂತು. ಗುಡ್ಡವೆಲ್ಲ ಸೇರಿ ಪಾಯ ತೋಡುತ್ತಿದೆ. ಇಬ್ಬರಿಗೂ ಮತ್ತೆ ಜಗಳ — ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ ಅಂತ. ಆಡಲಿ. ಗುದ್ದಲಿ ನಿಂತಿಲ್ಲ.

“ಯಜಮಾನ್ತೀ! ಬಾಗಿಲು ಯಾವ ಕಡೆಗೆ? ನೀನೇ ಹೇಳ್ಬೇಕಂತೆ, ಬಾ!”

ಕೂಗಿದ್ದು ನ್ಯಾಬೆಂಡಾ. ನನ್ನ ತಮ್ಮ. ತಮಾಷೆಗಿರಬಹುದು... ಮುಖದಲ್ಲಿ ನಗುವಿರಲಿಲ್ಲ.

ಬಂದೆ, ಬಂದೆ. ಈ ಮರದ ಕಡೆಗೇ ಇರಲಿ ಬಾಗಿಲು. ನೆರಳೂ ಆಯಿತು, ಮಕ್ಕಳಿಗೆ ಕಾಯಿ—