ಕಂಬಕ್ಕ ಕಟ್ಟಿದ ಎಡಗೈ

ರೀ,

ಶೀತಲ್‌ನ ಕರಕೊಂಡು ಬಾಗಲಕೋಟಿ ಡಾಕ್ಟರ ಕಡೆ ಹೊಂಟೇನಿ. ರೊಟ್ಟಿ ಬುಟ್ಟಿಯೊಳಗ ಅದಾವ. ಹಾಲು ಕಾಸಿಲ್ಲ, ನೀವ ಕಾಸ್ಕೊಳ್ರಿ.

ಹೋದ ಸಲ ಅಲ್ಲಿ ಏನಾತು ಅಂತ ನೀವು ಇನ್ನೂ ಕೇಳಿಲ್ಲ. ಬಲಗೈ ಹೆಬ್ಬೆರಳಿಗೆ ಒಂದೊಂದ ಬೆರಳು ಮುಟ್ಟಸವ್ವಾ ಅಂದ್ರು ಡಾಕ್ಟರು ಅಕಿಗೆ. ನಿಮ್ಮ ಮಗಳು ಎಡಗೈ ನನ್ನ ಮುಂದ ಚಾಚಿ, "ಅವ್ವಾ, ಮೊದಲ ಇದನ್ನ ಕಟ್ಟು" ಅಂದಳು. ಡಾಕ್ಟರು ನನ್ನ ಮಾರಿ ನೋಡಿದ್ರು.

ಕೈ ಕಟ್ಟಲಾರದನ ಮಾಡಿಸಿದ್ರು. ಬಲಗೈ ಬೆರಳು ಆಡಿದಂಗ ಎಡಗೈ ಬೆರಳೂ ತಾವ ಆಡಿದುವು. "ಹತ್ತು ವರ್ಷದ ವಯಸ್ಸಿನ್ಯಾಗ ಇದು ಇಷ್ಟು ಇರಬಾರದು. ಇದೊಂದರಿಂದ ಏನೂ ಹೇಳಾಕ ಬರಂಗಿಲ್ಲ, ಇನ್ನೂ ನೋಡಬೇಕು. ಆದ್ರ ಹುಡುಗಿ ಬೇಕಂತ ಮಾಡಾಕತ್ತಿಲ್ಲ" ಅಂದ್ರು.

ಬರಿಯೂಮುಂದ ಎಡಗೈ ಕುಣಸತಾಳ, ಸೊಕ್ಕು ಅಂತ ನೀವು ಮಗ್ಗದ ನೂಲಿಲೆ ಆ ಕೈ ಕಂಬಕ್ಕ ಕಟ್ಟಿ ಬರಿಸಿದ್ರಿ. ನಿಮ್ಮವ್ವ ಹೂಂ ಅಂದ್ರು. ಮಗ್ಗದಾಗ ಒಂದು ಎಳಿ ಹರದ್ರ ಮಗ್ಗ ನಿಂದರಸಿ, ಬಗ್ಗಿ, ಎಲ್ಲಿ ಹರದೈತಿ ಅಂತ ಹುಡಕತೀರಿ. ಅಷ್ಟು ತಾಳ್ಮಿ ಮಗಳಿಗೆ ಸಿಗಲಿಲ್ಲ.

ಕಟ್ಟಿದವರು ಯಾರು ಅಂತ ಡಾಕ್ಟರು ಇವತ್ತು ಕೇಳತಾರ. ಹೇಳತೇನಿ.

ನಿಮ್ಮವ್ವನ ಗುಳಿಗಿ ಗ್ವಾಡಿ ಮಾಡದಾಗ ಐತಿ, ಉಂಡ ಮ್ಯಾಲ ಕೊಡ್ರಿ.

ಆ ನೂಲು ಕಂಬಕ್ಕ ಇನ್ನೂ ಹಂಗ ಐತಿ, ಅಕಿ ಮುಂಗೈ ಅಳತಿಗೆ. ನಾ ಮುಟ್ಟಿಲ್ಲ. ನಾವು ಬರೂದ್ರೊಳಗ ನೀವ ಬಿಚ್ರಿ. ಕತ್ತರಿ ಹಚ್ಚಬ್ಯಾಡ್ರಿ. ನಿಮ್ಮ ಎಡಗೈ ಬೆನ್ನ ಹಿಂದ ಇಟ್ಕೊಂಡು, ಬಲಗೈ ಒಂದರಿಂದನ ಬಿಚ್ರಿ.