ಮಿನುಗದ ಗೋಡೆ

ಮಾರ್ಚ್ 2

ಬೆಳಿಗ್ಗೆಯಿಂದ ಉಪ್ಪುಕಾಗದ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ವಿನೀರ್ ಅಂದರೆ ಮರದ ಸಿಪ್ಪೆ, ಅಷ್ಟೇ. ಸ್ವಲ್ಪ ಹೆಚ್ಚಾದರೂ ಕೆಳಗಿನ ಪ್ಲೈವುಡ್ ಹಲ್ಲು ಕಿರಿಯುತ್ತದೆ. ಕಿರಿಯಲಿಲ್ಲ. ಭೇಷ್ ನಾನೇ!

ಅಣ್ಣ ಬಡಗಿ, ನಾನು ಪಾಲಿಶ್‌ನವಳು. ಶಾಲೆಯ ಹೊಸ ಹಾಲ್‌ನಲ್ಲಿ ವೇದಿಕೆ ಹಿಂದಿನ ಗೋಡೆಗೆ ಹಲಗೆ ಕೂರಿಸಿ ಅವನ ಕೆಲಸ ಮುಗಿಸಿದ್ದಾನೆ. ಈಗ ಪಾಲಿಶ್ ವಿಷಯಕ್ಕೂ ಅವನದು ಒಂದೇ ರಾಗ — "ಸ್ಪ್ರೇ ಹೊಡ್ದ್‌ಬಿಡೋಣ, ಫಳಫಳ ಅನ್ಲಿ." ಹೆಡ್‌ಮಿಸ್ಸಿಗೂ ಫಳಫಳವೇ ಬೇಕು.

ಇದು ಕಿವಿ ಕೇಳದ ಮಕ್ಕಳ ಶಾಲೆ. ತಂಗಿ ಇಲ್ಲೇ ಟೀಚರ್, ಅವಳಿಗೂ ಕೇಳಿಸುವುದಿಲ್ಲ. ಇಲ್ಲಿ ಮಾತೆಲ್ಲ ಕೈಯಲ್ಲಿ. ಹಿಂದಿನ ಗೋಡೆ ಹೊಳೆದರೆ ಮುಂದಿನ ಕೈ ಕಾಣುವುದಿಲ್ಲ. ಹಳೆಯ ಹಾಲ್‌ನಲ್ಲಿ ಆಗಿದ್ದೇ ಅದು. ತಂಗಿ ಓದುವಾಗ ಕೊನೇ ಸಾಲಿನವಳು. ಎಲ್ಲರೂ ನಕ್ಕ ಮೇಲೆ ನಗುತ್ತಿದ್ದಳು, ಯಾಕೆಂದು ಗೊತ್ತಿಲ್ಲದೆ.

ಈ ಗೋಡೆ ಹೊಳೆಯಕೂಡದು. ಅಣ್ಣ ತಲೆಕೆಳಗಾಗಿ ನಿಂತರೂ.

ಮಾರ್ಚ್ 4, ಮಧ್ಯಾಹ್ನ

ಗೆದ್ದೆ! ಅರ್ಧ.

ಅಣ್ಣ ಸ್ಪ್ರೇ ಹೊಡೆದ ಬಾಗಿಲೊಂದನ್ನು ಹೊತ್ತು ತಂದ. ಪಕ್ಕದಲ್ಲಿ ನಾನು ಎಣ್ಣೆ ಒರೆಸಿದ ಹಲಗೆ ನಿಲ್ಲಿಸಿದೆ. ವೇದಿಕೆಯ ದೀಪ ಹಾಕಿಸಿ ಹೆಡ್‌ಮಿಸ್ಸನ್ನು ಕೊನೇ ಸಾಲಿನಲ್ಲಿ ಕೂರಿಸಿದೆವು. ತಂಗಿ ಬಾಗಿಲಿನ ಮುಂದೆ ನಿಂತು ಕೈಯಲ್ಲಿ ಏನೋ ಹೇಳಿದಳು. ಹೆಡ್‌ಮಿಸ್ ಕಣ್ಣು ಕಿರಿದು ಮಾಡಿ, ಕೈಯಲ್ಲೂ ಬಾಯಲ್ಲೂ ಕೇಳಿದರು — "ಏನಮ್ಮಾ? ಬರೀ ಬೆಳಕೇ ಕಾಣ್ತಿದೆ."

ತಂಗಿ ನನ್ನ ಹಲಗೆಯ ಮುಂದೆ ಸರಿದು ಅದನ್ನೇ ಇನ್ನೊಮ್ಮೆ ಹೇಳಿದಳು. ಹೆಡ್‌ಮಿಸ್ ಮೆಲ್ಲಗೆ ತಲೆ ಮುಟ್ಟಿ ನೋಡಿಕೊಂಡರು. ಬೆಳಿಗ್ಗೆಯಿಂದ ಹುಡುಕುತ್ತಿದ್ದ ಓದುವ ಕನ್ನಡಕ ಅಲ್ಲೇ ಇತ್ತು.

"ಸರಿ, ನಿಮ್ಮಿಷ್ಟದಂತೇ ಆಗ್ಲಿ. ಆದ್ರೆ ಗೋಡೆ ನೋಡೋಕೂ ಚೆನ್ನಾಗಿರ್ಬೇಕು. ಇಲ್ದಿದ್ರೆ ಸ್ಪ್ರೇನೇ."

ಅಣ್ಣನ ಮುಖ ನೋಡಬೇಕಿತ್ತು.

ಮಾರ್ಚ್ 5

ಮಣ್ಣು ಮುಕ್ಕಿದೆ.

ಗೋಡೆಯ ಮೊದಲ ಹಲಗೆಗೆ ಎಣ್ಣೆ ಒರೆಸಿದೆ. ಪಟ್ಟೆ ಪಟ್ಟೆ! ಒಂದು ಕಪ್ಪು, ಒಂದು ಬಿಳುಪು, ಮತ್ತೆ ಕಪ್ಪು. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನೋಡಿ, "ರೋಡ್ ದಾಟೋಕೆ ಚೆನ್ನಾಗಿದೆ" ಅಂದ.

ಅವನು ವಿನೀರ್ ಅಂಟಿಸಿರುವುದು ಪುಸ್ತಕ ತೆರೆದಿಟ್ಟ ಹಾಗೆ — ಒಂದು ಹಾಳೆ ನೇರ, ಪಕ್ಕದ್ದು ಮಗುಚಿ. ಗೆರೆಗಳು ಜೋಡಿಯಾಗಿ ಕೂರಲಿ ಎಂದು. ಆದರೆ ಮಗುಚಿದ ಮೈ ಎಣ್ಣೆ ಹೆಚ್ಚು ಕುಡಿಯುತ್ತದೆ. ನಿನ್ನೆ ತೋರಿಸಿದ ಹಲಗೆಯಲ್ಲಿ ನಾನು ಎಣ್ಣೆ ಒರೆಸಿ ನೋಡಿದ್ದು ಒಂಟಿ ಹಾಳೆಯ ಮೇಲೆ. ಜಂಭ ನೋಡು ನನ್ನದು. ಇಷ್ಟು ವರ್ಷ ಪಾಲಿಶ್ ಮಾಡಿ...

"ಅದೇ ವಿನೀರ್‌ದು ಇನ್ನೊಂದೇ ಹಲಗೆ ಉಳಿದಿರೋದು. ಅದನ್ನೂ ಕೆಡಿಸಿದ್ರೆ ನಾನು ಸ್ಪ್ರೇ ಗನ್ ಹಿಡೀತೀನಿ, ನೋಡ್ಕೋ."

ಬಯ್ಯುತ್ತಲೇ ಉಳಿದ ಚೂರುಪಾರುಗಳನ್ನು ಜೋಡಿ ಜೋಡಿಯಾಗಿ ಅಂಟಿಸಿ ಕೊಟ್ಟ. ಅಣ್ಣನಲ್ಲವೇ.

ಮಾರ್ಚ್ 10

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನು, ತಲೆ. ಚೂರುಗಳ ಮೇಲೆ ಬರೀ ಮೇಣ — ಪಟ್ಟೆ. ಎಣ್ಣೆಯ ಮೇಲೆ ಮೇಣ — ಪಟ್ಟೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ದಪ್ಪಗೆ ಬಳಿದೆ — ಪಟ್ಟೆ ಹೋಯಿತು, ಹೊಳಪು ಬಂತು. ಅಣ್ಣ ಸಿಳ್ಳೆ ಹೊಡೆಯುತ್ತ ಓಡಾಡಿದ.

ಇವತ್ತು ಅರಗನ್ನು ನೀರು ನೀರಾಗಿ ಮಾಡಿ, ಬಟ್ಟೆಯುಂಡೆಯಲ್ಲಿ ಒಂದೇ ಕೋಟ್ ಎಳೆದೆ. ಎರಡೂ ಹಾಳೆಗಳ ಬಾಯಾರಿಕೆ ಮೊದಲೇ ತೀರಿಹೋಗಲಿ ಅಂತ. ಒಣಗಿದ ಮೇಲೆ ಸ್ಟೀಲ್ ವುಲ್, ಅಂದರೆ ಉಕ್ಕಿನ ನಾರು, ಹಗುರವಾಗಿ ಆಡಿಸಿ ಮೇಣ ಹಚ್ಚಿದೆ. ಪಟ್ಟೆ ಇಲ್ಲ! ಕುಣಿದಾಡಿದೆ. ಅದೇ ಖುಷಿಯಲ್ಲಿ ಉಜ್ಜಿದೆ, ಉಜ್ಜಿದೆ... ಹೊಳೆಯತೊಡಗಿತು. ಅಯ್ಯೋ ನನ್ನ ಚಾಳಿಯೇ! ಉಜ್ಜಲು ಕೂತರೆ ಕೈ ನಿಲ್ಲುವುದೇ ಇಲ್ಲ.

ಮಾರ್ಚ್ 11

ತಂಗಿ ವೇದಿಕೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಹೊಸ ಚೂರಿಗೆ ಮೇಣ ಹಚ್ಚಿ ಒರೆಸುತ್ತಿದ್ದೆ. ಇನ್ನೊಂದು ಸುತ್ತು ಅಂದುಕೊಂಡೆ, ಅಷ್ಟರಲ್ಲಿ ಎದ್ದು ಬಂದು ಮಣಿಕಟ್ಟು ಹಿಡಿದೇಬಿಟ್ಟಳು.

ಇನ್ನೊಂದು ಕೈಯಲ್ಲಿ ಸಾಕು ಅಂದಳು. ಇನ್ನೂ ಮಂಕಾಗಿದೆ ಕಣೇ ಅಂದೆ.

"ನೀನು ಗೋಡೆ ನೋಡ್ತಿದ್ದೀಯಕ್ಕಾ. ನಾನು ಕೈ ನೋಡ್ತಿದ್ದೀನಿ."

ದೂರ ಹೋಗಿ ನಿಂತು ನೋಡಿದೆ. ಮರ ಮರದ ಹಾಗೇ ಇತ್ತು, ಕಣ್ಣಿಗೆ ತಂಪಾಗಿ. ಇದೇ. ಇದೇ ಇದು! ಅಣ್ಣ ಬಂದು ಬೆರಳಾಡಿಸಿದ, ಓರೆಗಣ್ಣು ಮಾಡಿ ನೋಡಿದ, ಮೂಸಿಯೂ ನೋಡಿದ. ತಪ್ಪು ಸಿಗಲಿಲ್ಲ. "ಪರ್ವಾಗಿಲ್ಲ" ಅಂದ. ಅವನ ಬಾಯಲ್ಲಿ ಅದು ಬಿರುದು. ಹೆಡ್‌ಮಿಸ್ ಆ ಚೂರಿನ ಮೇಲೆ ಎರಡೂ ಅಂಗೈ ಊರಿ ನಿಂತು, ಹೂಂ ಅಂದುಬಿಟ್ಟರು.

ಮಾರ್ಚ್ 17

ಗೋಡೆ ಮುಗಿಯಿತು. ಕೆಟ್ಟ ಹಲಗೆ ಕಳಚಿ ಅಣ್ಣ ಉಳಿದಿದ್ದನ್ನು ಕೂರಿಸಿದ. ಮೇಲಿಂದ ಕೆಳಗಿನವರೆಗೆ ಎಲ್ಲ ಕೈಯಾರೆ. ತಂಗಿ ದಿನಾ ಕ್ಲಾಸ್ ಮುಗಿಸಿ ಬಂದು ಕಾವಲು ಕೂತಳು. ರಟ್ಟೆ ಬಿದ್ದುಹೋಗಿದೆ. ಅನ್ನ ಕಲಸಲೂ ಆಗುತ್ತಿಲ್ಲ. ಹಾಯೆನಿಸುತ್ತಿದೆ.

ಮಾರ್ಚ್ 21, ಸಂಜೆ

ಹಾಲ್ ತುಂಬಿ ಬಾಗಿಲವರೆಗೂ ಜನ. ದೀಪ ಎಲ್ಲ ಹಾಕಿದರು. ಗೋಡೆ ಗಪ್‌ಚಿಪ್.

ತಂಗಿ ಕಥೆ ಹೇಳಿದಳು — ಉಜ್ಜಿ ಉಜ್ಜಿ ಊಟದ ತಟ್ಟೆಗೂ ತೂತು ಮಾಡಿದ ಅಕ್ಕನ ಕಥೆ. ಕಳ್ಳಿ! ಜನ ನಕ್ಕರು. ನಾನು ತಟ್ಟನೆ ತಿರುಗಿ ಕೊನೇ ಸಾಲು ನೋಡಿದೆ. ಅವರೂ ನಗುತ್ತಿದ್ದರು. ಎಲ್ಲರ ಜೊತೆಗೇ, ಆಮೇಲಲ್ಲ. ಪಕ್ಕದಲ್ಲಿ ಅಣ್ಣ ನನ್ನ ಭುಜ ಹಿಡಿದು ಕುಲುಕಿದ.

ಆಮೇಲೆ ತಂಗಿ ನನ್ನನ್ನೂ ವೇದಿಕೆಗೆ ಎಳೆದಳು. ಇಡೀ ಹಾಲ್ ಕೈ ಮೇಲೆತ್ತಿ ಅಲ್ಲಾಡಿಸಿತು — ಇವರ ಚಪ್ಪಾಳೆ ಅದು. ಏನು ಮಾಡಬೇಕೋ ತೋಚದೆ ನಾನೂ ಎರಡೂ ಕೈ ಎತ್ತಿದೆ. ಕೊನೇ ಸಾಲಿನ ಅಜ್ಜ ಒಬ್ಬರು ಎದ್ದು ನಿಂತು ಕೈಯಲ್ಲೇ ಹೇಳಿದರು:

"ಗೋಡೆ ಬಹಳ ಚೆನ್ನಾಗಿದೆಯಮ್ಮಾ. ಮೊದ್ಲು ಉಗುರು ತೊಳ್ಕೋ!"

ಕೊನೇ ಸಾಲಿನಿಂದ! ನನ್ನ ಉಗುರಿನ ಕೊಳೆ! ಇನ್ನೇನು ಬೇಕು ನನಗೆ? ಹೆಬ್ಬೆರಳಲ್ಲಿ ಈಗಲೂ ಅರಗು ಹಾಗೇ ಇದೆ, ತೊಳೆಯಲು ಮನಸ್ಸೇ ಬರುತ್ತಿಲ್ಲ, ಆ ಅಜ್ಜ ನಾಳೆ ಸಿಕ್ಕರೆ ಎರಡೂ ಕೈ ಮುಂದೆ ಚಾಚಿ ತೋರಿಸುತ್ತೇನೆ.