ಅಂಗಳಕ್ಕೊಬ್ಬ ಕುಳ್ಳ

ಉಮ್ಮ್ ಸಲಾಲ್, ಕತಾರ್
15 ನವೆಂಬರ್ 2025, ಶನಿವಾರ

ಪ್ರೀತಿಯ ಕಾಂತಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ, ಮಗು ಇಬ್ಬರನ್ನೂ ನೋಡಿಕೊಳ್ಳುವ ಗಡಿಬಿಡಿಯಲ್ಲಿ ನಿನ್ನ ಮಾತ್ರೆ ಮರೆತಿರುತ್ತೀಯ, ನನಗೆ ಗೊತ್ತು. ಪ್ರಾರ್ಥನಾ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳಾ? ಇಲ್ಲಿ ನಾನು, ವಿನಯ್, ಸೊಸೆ ಅಮಿತಾ, ಮೊಮ್ಮಗಳು ಜಾಹ್ನವಿ ಎಲ್ಲರೂ ಸೌಖ್ಯ. ಫೋನ್ ಮಾಡಿದರೆ ಮಗುವಿನ ಅಳುವೇ ಕೇಳಿಸುತ್ತದೆ, ಅದಕ್ಕೇ ಈ ಪತ್ರ. ಮೊನ್ನೆ ನೀನು "ಮಗೂಗೆ ಆರು ತಿಂಗಳಾಗೋವರೆಗೂ ಮೈಸೂರಲ್ಲೇ ಇರ್ಲಾ ರೀ?" ಅಂತ ಕೇಳಿದೆ. "ಇರು, ನನಗೇನು ತೊಂದರೆ" ಅಂದುಬಿಟ್ಟೆ. ತೊಂದರೆ ಏನೂ ಇಲ್ಲ. ಬೇಕಾದರೆ ನಿನ್ನೆ ನಾನು ಮಾಡಿದ ಸಾಹಸ ಕೇಳು.

ಜಾಹ್ನವಿಯ ಗೆಳತಿ ಜೆಸಿಕಾಳ ಮನೆಯ ಅಂಗಳದಲ್ಲಿ ಒಂದು ಕುಳ್ಳ ಗೊಂಬೆ ಇದೆಯಂತೆ. ಚೂಪಾದ ಕೆಂಪು ಟೊಪ್ಪಿಗೆ, ಬಿಳಿ ಗಡ್ಡ. ನೋಮ್ ಅನ್ನುತ್ತಾರೆ. ತೋಟ ಕಾಯುತ್ತಾನೆ ಅಂತ ಯುರೋಪಿನವರ ನಂಬಿಕೆ. ನಮ್ಮಲ್ಲಿ ಕಾಯುವುದಕ್ಕೆ ಇರುವುದು ನಿನ್ನ ತುಳಸಿ, ಎರಡು ಮೆಣಸಿನ ಗಿಡ, ಒಂದು ಕರಿಬೇವು. ಆದರೂ ಬೇಕೇ ಬೇಕೆಂದು ಹಟ, ಅದೂ ತಾತನೇ ಆರಿಸಬೇಕಂತೆ. ನಲವತ್ತೊಂದು ವರ್ಷದಲ್ಲಿ ನೀನಿಲ್ಲದೆ ನಾನು ಒಂದು ಕರವಸ್ತ್ರವನ್ನಾದರೂ ಆರಿಸಿದ್ದೇನೆಯೇ, ನೀನೇ ಹೇಳು.

ಗಿಡ ಮಾರುವ ನರ್ಸರಿಯಲ್ಲಿ ಹದಿನೈದು ಕುಳ್ಳರು ಸಾಲಾಗಿ ನಿಂತಿದ್ದರು. ಪ್ಯಾಟ್ರಿಷಿಯಾ ಎಂಬ ಫಿಲಿಪ್ಪೀನ್ಸ್ ಹುಡುಗಿ ಒಂದೊಂದನ್ನೇ ಎತ್ತಿ ತೋರಿಸಿದಳು. ಗಾಳ ಹಿಡಿದು ಕೂತವನು ಬಲು ಲಕ್ಷಣವಾಗಿದ್ದ. ಆದರೆ ತುಳಸಿಯ ಪಕ್ಕ ಕೂತು ಮೀನು ಹಿಡಿಯುವವನನ್ನು ನೀನು ಗೇಟಿನೊಳಗೆ ಬಿಡುತ್ತೀಯಾ? ಬೇಡವೆಂದೆ. "ತಾತ, ಫಿಶ್ ಇಲ್ಲ, ಓನ್ಲಿ ದಾರ!" ಎಂದು ಜಾಹ್ನವಿ ವಾದಕ್ಕಿಳಿದಳು. ಈಗಿಲ್ಲ, ನಾಳೆ ಸಿಕ್ಕರೆ? ನಿದ್ದೆ ಹೊಡೆಯುತ್ತಿದ್ದವನನ್ನು ನೋಡಿ ವಿನಯ್, "ಮನೇಲಿ ನೀವಿದ್ದೀರಲ್ಲಪ್ಪ, ಇನ್ನೊಬ್ಬ ಯಾಕೆ" ಎಂದ. ನಮ್ಮ ದಸರಾ ಪಟ್ಟದ ಜೋಡಿ ಗೊಂಬೆಗಳ ಅಭ್ಯಾಸ ನೋಡು, ಒಂಟಿ ಗೊಂಬೆ ಮನೆಗೆ ತರುವುದು ಹೇಗೆಂದು ನಾನು "ಇವನ ಹೆಂಡತಿ ಎಲ್ಲಿ?" ಎಂದು ಕೇಳಿದೆ. ಪಾಪ, ಆ ಹುಡುಗಿ ಗೋದಾಮೆಲ್ಲ ಹುಡುಕಿ ಬಂದು, "ನೋ ವೈಫ್, ಸರ್. ಅಲೋನ್, ಬಟ್ ಹ್ಯಾಪಿ!" ಎಂದಳು. ವಿನಯ್ ನನ್ನ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು.

ಕೊನೆಗೆ ಕಂದೀಲು ಹಿಡಿದವನನ್ನು ಕೈಗೆತ್ತಿಕೊಂಡೆ. "ಇದು ಹೇಗಿದೆ ನೋಡೇ" ಎನ್ನುತ್ತ ಪಕ್ಕಕ್ಕೆ ತಿರುಗಿದರೆ ಅಲ್ಲಿದ್ದದ್ದು ಗೊಬ್ಬರದ ಚೀಲ. ನನಗೇ ನಗು ಬಂತು. ಅಷ್ಟರಲ್ಲಿ ಜಾಹ್ನವಿ ಚಪ್ಪಾಳೆ ತಟ್ಟಿದಳು. ಖಲಾಸ್, ಅವನನ್ನೇ ತಂದೆವು. ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ಯಾರೋ ಅವನ ಹಣೆಗೆ ಕುಂಕುಮ ಇಟ್ಟಿದ್ದಾರೆ. ಕೇಳಿದರೆ ಅಮಿತಾ ಮಗಳ ಕಡೆ ಕೈ ತೋರಿಸುತ್ತಾಳೆ, ಮಗಳು ಅಮ್ಮನ ಕಡೆ.

ಪ್ರಾರ್ಥನಾಗೂ ಮಗುವಿಗೂ ನನ್ನ ಆಶೀರ್ವಾದ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ
ವೆಂಕಟರಾಮು

ತಾ.ಕ.: ಪತ್ರ ಒಯ್ಯಲು ವಿನಯ್‌ನ ಆಫೀಸಿನ ಯಜ್ಞೇಶ್ ಬಂದು ಶೂ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದಾನೆ, ಇವತ್ತೇ ಅವನ ವಿಮಾನ. ತೊಂದರೆ ಇಲ್ಲ ಅಂದದ್ದು ಸುಳ್ಳು. ಮೊನ್ನೆ ಫೋನಿನ ಸ್ಪೀಕರಿನಲ್ಲಿ ಅಳಿಯಂದಿರು ಕೇಳಿಸಿಕೊಳ್ಳುತ್ತಿದ್ದರು, ಇನ್ನೇನು ಹೇಳಲಿ? ನೀನು ಆರು ತಿಂಗಳು ಅಲ್ಲೇ ಇರು, ಮಗಳಿಗೆ ನೀನು ಬೇಕು. ಬರುವ ಶುಕ್ರವಾರಕ್ಕೆ ನಾನೇ ಟಿಕೆಟ್ ಮಾಡಿಸಿಕೊಂಡಿದ್ದೇನೆ. ಯಾರಾದರೂ ಕೇಳಿದರೆ, ಮೊಮ್ಮಗನನ್ನು ನೋಡೋಕೆ ಬರ್ತಿದ್ದಾರೆ ಅಂತ ಹೇಳು.